ಅಜ್ಜಿಯ ಹಿಂದಿನ ಕುರ್ಚಿ

ಜೂನ್ ೨೬, ಸ್ಫಾಕ್ಸ್

ನಾಳೆ ಒಂದನೇ ತರಗತಿಯ ವರ್ಷದ ಕೊನೆಯ ಸಮಾರಂಭ. ಬಿಳಿ ಕಾಲುಚೀಲ, ನೀರಿನ ಬಾಟಲಿ, ಪುಸ್ತಕಗಳನ್ನೆಲ್ಲ ಮನೆಗೆ ತರಲು ಖಾಲಿ ಚೀಲ ಅಂತ ಟೀಚರ್ ಮತ್ತೆ ಮತ್ತೆ ನೆನಪಿಸಿದ್ದಾರೆ. ಎಲ್ಲ ಬಾಗಿಲ ಬಳಿ ಇಟ್ಟಾಯಿತು, ನಿದ್ದೆ ಮಾತ್ರ ಇಲ್ಲ. ವರ್ಷವಿಡೀ ತರಗತಿಯಲ್ಲಿ ಬಾಯಿಬಿಡದ ನನ್ನ ರನೀಮ್ ನಾಳೆ ಎಲ್ಲರೆದುರು ನಾಲ್ಕು ಸಾಲು ಪದ್ಯ ಹೇಳಬೇಕು.

ಮಲಗುವ ಮುಂಚೆ ಅಂದಳು: "ಅಮ್ಮಾ, ನೀನು ಅಜ್ಜಿ ಹಿಂದೆ ಕೂತ್ಕೋ. ನಾನು ಹೇಳೋವಾಗ ನಿನ್ನ ತುಟೀನೂ ಅಲ್ಲಾಡತ್ತೆ. ಅದನ್ನ ನೋಡಿದ್ರೆ ನಂಗೆ ಮರ್ತೋಗತ್ತೆ."

ನಮ್ಮ ಯಜಮಾನರಿಗೋ ನಗು. "ಸೂರ್ಯಕಾಂತಿ ಬೀಜ ತಗೊಂಡ್ಹೋಗೇ, ಬಾಯಿಗೊಂದು ಕೆಲಸ ಇರ್ಲಿ!"

ಅವಳಿಗೆ ಧೈರ್ಯವಿರಲಿ ಎಂದೇ ಅಲ್ಲವೇ ನಾನೂ ಜೊತೆಗೆ ಹೇಳುತ್ತಿದ್ದದ್ದು?

ಅಭ್ಯಾಸಕ್ಕೆಂದು ಈಗ ಒಂದು ಹಿಡಿ ಬೀಜ ಜಗಿದು ನೋಡಿದೆ. ಜಗಿಯುತ್ತಲೇ ನಾಲ್ಕೂ ಸಾಲು ಹೇಳಿ ಮುಗಿಸಿದ್ದೆ. ನಾಳೆ ಅಜ್ಜಿಯ ಹಿಂದೆಯೇ ಕೂರಬೇಕು, ಬಾಯಿಗೆ ಕೈ ಅಡ್ಡ...