ಟ್ವೈಲಾಳ ಹಸಿರು

ಟುಪೆಲೊ, ಸೋಮವಾರ

ಪ್ರೀತಿಯ ಟ್ವೈಲಾ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಈಸ್ಟರ್ ಊಟಕ್ಕೆ ಗಂಡನನ್ನು ಕರೆದುಕೊಂಡು ಬರುತ್ತೀಯೋ ಇಲ್ಲವೋ, ಬೇಗ ಹೇಳಿಬಿಡು. ಮೊಟ್ಟೆಗೆ ಬಣ್ಣ ಹಾಕಬೇಕು. ಕೂತಲ್ಲಿ ಕೂರಲಾಗದೆ, ಒರೆಸಿದ ಒಲೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದೇನೆ.

ಅಣ್ಣನಿಗೆ ನೀಲಿ, ತಂಗಿಗೆ ಗುಲಾಬಿ, ನಿನಗೆ ಹಸಿರು. ನೀವು ಚಿಕ್ಕವರಿದ್ದಾಗಿನಿಂದ ಪ್ರತಿ ಈಸ್ಟರಿಗೂ ಹಾಗೇ. ಹೋದ ವರ್ಷವೂ ನಿನ್ನ ಹಸಿರು ಮಾಡಿಟ್ಟಿದ್ದೆ. ಯಾರೂ ಮುಟ್ಟಲಿಲ್ಲ. ನಿಮ್ಮಪ್ಪ ತಟ್ಟೆ ನೋಡಿ, "ಹೇಳ್ದೆ ಕೇಳ್ದೆ ಮದುವೆ ಮಾಡ್ಕೊಂಡು ಹೋದೋಳಿಗೆ ಮೊಟ್ಟೆ ಬೇರೆ ಕೇಡು! ಇನ್ಮೇಲೆ ಈ ಮನೇಲಿ ಹಸಿರು ಬಣ್ಣ ಕಾಣಬಾರದು" ಎಂದರು.

ಹಾಗಾಗಿ ಈ ಸಲ ನಾನು ಹಸಿರು ಬಣ್ಣ ತರಲಿಲ್ಲ.

ಇವತ್ತು ಅಂಗಡಿಯಿಂದ ಬಂದು ನೋಡುತ್ತೇನೆ, ಸಿಂಕಿನ ಪಕ್ಕ ಲೋಟದ ತುಂಬ ಹಸಿರು ನೀರು, ಅದರೊಳಗೆ ಒಂದು ಮೊಟ್ಟೆ. ನಿಮ್ಮಪ್ಪನ ಬೆರಳೆಲ್ಲ ಹಸಿರು.

"ಏನ್ರೀ ಇದು?" ಎಂದೆ.

"ಯಾವ್ದು? ನಂಗೇನೇ ಗೊತ್ತು?" ಎನ್ನುತ್ತ ಟ್ರಕ್ ತೊಳೆಯಲು ಹೋದರು. ನಿನ್ನೆ ತಾನೇ ತೊಳೆದಿದ್ದರು.

ನಮ್ಮ ಈಸ್ಟರ್ ಮೊಟ್ಟೆಯನ್ನು ಬೇಯಿಸಿ, ಸುಲಿದು, ಎರಡು ಹೋಳು ಮಾಡಿ, ಹಳದಿ ತೆಗೆದ ಮೇಲೆ ಬಿಳಿಯನ್ನಷ್ಟೇ ಬಣ್ಣದಲ್ಲಿ ಅದ್ದಬೇಕು. ಆಮೇಲೆ ಆ ಹಳದಿಗೆ ಸಾಸಿವೆ, ಮೇಯನೇಸ್ ಕಲಸಿ ಮತ್ತೆ ತುಂಬಬೇಕು. ಇಷ್ಟು ವರ್ಷ ತಿಂದರೂ ಅವರಿಗೆ ಅದು ಗೊತ್ತಿಲ್ಲ. ಬೇಯಿಸಿ, ಸಿಪ್ಪೆ ಸಮೇತ ಮುಳುಗಿಸಿದ್ದಾರೆ. ಸುಲಿದರೆ ಒಳಗೆ ಬರೀ ಬಿಳಿ.

ಸುಲಿಯಲು ನನಗೆ ಮನಸ್ಸು ಬರಲಿಲ್ಲ. ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ನೀನೇ ಬಂದು ಸುಲಿ. ಒಳಗೆ ಬಿಳಿ ಇದ್ದರೂ ಏನೂ ಅನ್ನಬೇಡ.

ನಿನ್ನ ಅಮ್ಮ