ರಾಜನ ಕುರ್ಚಿಯಲ್ಲಿ ಕೂತವನು

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ
ಶುಕ್ರವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ತಮ್ಮಾ,

ಯೇಸುಸ್ವಾಮಿಯ ಸಮಾಧಾನ ನಿನ್ನ ಜೊತೆಗಿರಲಿ. ಹೇಗಿದ್ದೀಯಪ್ಪಾ? ಉಳಿ ಜಾರಿ ಕುಯ್ದುಕೊಂಡಿದ್ದ ಹೆಬ್ಬೆರಳು ಮಾಗಿತೇ? ಬಂದರಿನ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು ಎಂದು ಹೇಳಿ ಕಳಿಸಿದ್ದೆ, ನೀನು ಕೇಳಿರುವುದಿಲ್ಲ, ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ. ಇಲ್ಲಿ ನಿನ್ನ ಹೆಂಡತಿ ಆರೋಗ್ಯವಾಗಿದ್ದಾಳೆ. ನೀನಿನ್ನೂ ಮುಖ ನೋಡದ ನಿನ್ನ ಮಗಳಿಗೆ ಕೆಳಗಿನ ಒಸಡಿನಲ್ಲಿ ಅಕ್ಕಿಕಾಳಿನಂಥ ಹಲ್ಲು ಮೂಡಿದೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ಕಚ್ಚಿದ ಮೇಲೆ ಥೇಟ್ ನಿನ್ನ ಹಾಗೆ ಹುಬ್ಬು ಗಂಟಿಕ್ಕಿ ನಮ್ಮನ್ನೇ ಗದರಿಸುವವಳಂತೆ ನೋಡುತ್ತಾಳೆ. ನಾನು ಕೆಮ್ಮುತ್ತೇನೆಂದು ನಿನ್ನ ಹೆಂಡತಿ ಹೇಳಿ ಕಳಿಸಿದಳಂತೆ. ಅವಳ ಬಾಯಿಗಿಷ್ಟು ಬೀಗ ಹಾಕಬೇಕು! ಅದು ಎದೆಯ ಕೆಮ್ಮಲ್ಲ ಮಾರಾಯಾ, ಸೋಮವಾರ ಬೆಳಿಗ್ಗೆ ಮಾತ್ರ ಬರುವ ಕೆಮ್ಮು. ಅದರ ಕಥೆಯನ್ನೂ ಹೇಳುತ್ತೇನೆ.

ನೀನು ಹೋದಾಗ ಸೋಮವಾರ ಬೆಳಿಗ್ಗೆ ಊರವರೆಲ್ಲ ಚೌಕದಲ್ಲಿ ನಿಂತು ಹೇಳಬೇಕಾದ ಪ್ರತಿಜ್ಞೆ ಚಿಕ್ಕದಿತ್ತು, ಈಗ ಬಾಲ ಬೆಳೆದಿದೆ. ಆದರೆ ಕೊನೆಯ ಸಾಲು ಅದೇ. ಮುಖಂಡರ ಹೊರತು ನನಗೆ ಬೇರೆ ಒಡೆಯನಿಲ್ಲ, ಈ ನಾಡಿನ ಹೊರತು ನನಗೆ ಬೇರೆ ನಾಡಿಲ್ಲ ಎಂಬ ಆ ಸಾಲು ಬಂದಾಗ ನೀನು ಬಡಗಿಗಳ ಸಾಲಿನಲ್ಲಿ ತುಟಿ ಬಿಗಿದು ನಿಂತೆ, ಸಂಜೆಯೊಳಗೆ ಕಾವಲುಮನೆಯವರು ಹುಡುಕಿಕೊಂಡು ಬಂದರು, ನೀನು ಹಿತ್ತಲ ಬಾಗಿಲಿಂದ ಊರು ಬಿಟ್ಟೆ. ನನಗೆ ನಿನ್ನಷ್ಟು ಗುಂಡಿಗೆಯಿಲ್ಲ. ಆ ಸಾಲು ಹತ್ತಿರ ಬಂದ ಕೂಡಲೇ ನನಗೆ ಕೆಮ್ಮು ಬರುತ್ತದೆ. ಸಾಲು ಮುಗಿದ ಮೇಲೆ ನಿಲ್ಲುತ್ತದೆ. ಈಗ ನಮ್ಮ ಸಭೆಯ ಹೆಂಗಸರಿಗೆಲ್ಲ ಅಂಟಿಕೊಂಡಿದೆ. ಬೇಕರಿಯವಳಂತೂ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುತ್ತಾಳೆ. ಪಕ್ಕದಲ್ಲಿ ನಿಂತ ಔಷಧಿ ಅಂಗಡಿಯವನು ಪಾಪ, ಶೀಶೆ ಕೊಡಲು ಬಂದಿದ್ದ. ನಾವು ಮನೆಗೆ ಬಂದು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ದೇವರ ರಾಜ್ಯದ ಪ್ರಜೆಗಳು ನಾವು, ಸುಳ್ಳನ್ನೂ ಹೇಳಲಿಲ್ಲ, ಅಂಗಡಿಯನ್ನೂ ಕಳೆದುಕೊಳ್ಳಲಿಲ್ಲ, ಎಷ್ಟು ಜಾಣರು ನೋಡು ಎಂದುಕೊಂಡೆವು.

ನಗು ಹಾಗಿರಲಿ, ಈಗ ಹೇಳಬೇಕಾದದ್ದು ಕುರ್ಚಿಯ ವಿಷಯ. ನಮ್ಮ ಸಭೆಯ ಹಿರಿಯರಾದ ದೊಡ್ಡಪ್ಪನ ಮರಗೆಲಸದ ಕೊಟ್ಟಿಗೆಯಲ್ಲಿ ಭಾನುವಾರದ ಆರಾಧನೆಯಾದ ಮೇಲೆ ಎಲ್ಲರೂ ಕೂತು ಉಣ್ಣುವ ಮೇಜಿನ ತುದಿಗೆ ನೀನೇ ಮಾಡಿಕೊಟ್ಟ ಕುರ್ಚಿ, ನಮ್ಮ ರಾಜ ಯೇಸುಸ್ವಾಮಿಯ ಕುರ್ಚಿ. ಅದರಲ್ಲಿ ನಮ್ಮವರು ಯಾರೂ ಕೂರುವುದಿಲ್ಲ. ಬಾಗಿಲು ತಳ್ಳಿಕೊಂಡು ಯಾರು ಬಂದರೂ ಹೆಸರು ಕೇಳದೆ ಅಲ್ಲಿ ಕೂರಿಸಿ ಮೊದಲ ತಟ್ಟೆ ಅವರಿಗೆ ಇಡುವುದು ನಮ್ಮ ಪದ್ಧತಿ. ನೀನು ಸಣ್ಣವನಿದ್ದಾಗ ಅಲ್ಲಿದ್ದ ಹಳೆಯ ಕುರ್ಚಿಯಲ್ಲಿ ಒಬ್ಬ ಕುಡುಕ ಕೂತು ಮೇಜಿನ ಮೇಲೆಲ್ಲ ಕಾರಿಕೊಂಡಿದ್ದ, ನಿನಗೆ ನೆನಪಿದೆಯೋ ಇಲ್ಲವೋ, ದೊಡ್ಡಪ್ಪ ಒರೆಸಿ ಇನ್ನೊಂದು ತಟ್ಟೆ ಇಟ್ಟಿದ್ದರು. ನಮ್ಮ ರಾಜ್ಯದ ಬಾಗಿಲಿಗೆ ಅಗುಳಿಯೇ ಇಲ್ಲ ಎಂದು ಅವರು ಇಂದಿಗೂ ಹೇಳುತ್ತಾರೆ.

ಎರಡು ತಿಂಗಳ ಹಿಂದೆ ಆ ಕುರ್ಚಿಗೆ ಒಬ್ಬ ಬಂದ. ಗಡಿಯಾರ ರಿಪೇರಿ ಮಾಡುವವನಂತೆ, ಕೆಲಸ ಹುಡುಕುತ್ತಿದ್ದನಂತೆ. ಸದಾ ಹಸನ್ಮುಖಿ, ಅದಕ್ಕೇ ನಾವು ಅವನನ್ನು ನಗುಮುಖ ಎಂದೇ ಕರೆಯುತ್ತೇವೆ. ಪ್ರತಿ ಭಾನುವಾರ ಬಂದ. ಹಾಡುಗಳನ್ನು ಕಲಿತ. ಊಟವಾದ ಮೇಲೆ ನಾವು ಬೇಡ ಬೇಡವೆಂದರೂ ತಟ್ಟೆ ತೊಳೆದ. ನಿನ್ನ ಮಗಳನ್ನು ತೊಡೆಯ ಮೇಲೆ ಕುಣಿಸಿದ, ಅವಳು ಅವನ ಬೆರಳು ಕಚ್ಚಿದಳು, ಅದಕ್ಕೂ ನಕ್ಕ. ನನಗೆ ಯಾರನ್ನು ಕಂಡರೂ ಮೊದಲು ಮೂಗಿನ ತುದಿಯಲ್ಲಿ ಕೋಪ, ಅದು ನಿನಗೆ ಗೊತ್ತು. ಅಂಥ ನಾನೂ ಕರಗಿಹೋದೆ. ಹೋದ ಭಾನುವಾರ ಅವನ ಬೂದುಬಣ್ಣದ ಅಂಗಿಯ ಗುಂಡಿ ನೇತಾಡುತ್ತಿತ್ತು. ಕೂತಲ್ಲೇ ಕೂರಿಸಿ, ಕೈಗೆ ಸಿಕ್ಕ ಕೆಂಪು ದಾರದಿಂದ ಎದೆಯ ಮೇಲೇ ಹೊಲಿದುಕೊಟ್ಟೆ. ನಮ್ಮಮ್ಮನೂ ಹೀಗೇ ಹೊಲಿದು ಕೊಡ್ತಿದ್ದರು ಅಕ್ಕಾ, ಅಂದ. ಅವನ ಕಣ್ಣು ಒದ್ದೆಯಾಯಿತು. ನನ್ನದೂ ಆಯಿತು, ಮುಚ್ಚಿಡುವುದೇನು.

ಅದೇ ಭಾನುವಾರ ನಡೆದದ್ದನ್ನು ಈಗ ಕೇಳು. ದೂರವಿರುವವರನ್ನು ಹೆಸರು ಹಿಡಿದು, ಎಲ್ಲಿದ್ದಾರೆ, ಏನು ಕಷ್ಟ, ಎಂದು ಬರುತ್ತಾರೆ ಎಂದೆಲ್ಲ ಗಟ್ಟಿಯಾಗಿ ಹೇಳಿ ಪ್ರಾರ್ಥಿಸುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದದ್ದು. ದೇವರಿಗೆ ವಿಳಾಸ ಗೊತ್ತಿಲ್ಲವೇನು? ಗೊತ್ತು. ಆದರೂ ಹೇಳುತ್ತೇವೆ, ಉಳಿದವರು ಆಮೆನ್ ಅನ್ನಲಿ ಎಂದು. ನಿನ್ನ ಹೆಂಡತಿ ಎದ್ದು ನಿಂತಳು. ಮುಖದಲ್ಲಿ ಏನು ಕಳೆ! ಕರ್ತನೇ, ಬಂದರಿನ ದೋಣಿಕಟ್ಟೆಯಲ್ಲಿ ಕೆಲಸ ಮಾಡೋ ನನ್ನ ಗಂಡ ಮಗಳ ದೀಕ್ಷಾಸ್ನಾನಕ್ಕೆ ಬರ್ತಿದ್ದಾರೆ, ಈ ಶನಿವಾರ ಸಂಜೆ ಕೊನೇ ಬಸ್ಸಿಗೆ ಸೇತುವೆ ಹತ್ರ ಇಳೀತಾರೆ, ಅವರ ಕಾಲು ಎಡವದ ಹಾಗೆ ನೋಡ್ಕೋ ಅಂದಳು. ನಾವೆಲ್ಲ ಆಮೆನ್ ಅಂದೆವು. ನಗುಮುಖ ತಲೆ ತಗ್ಗಿಸಿ ಎಲ್ಲರಿಗಿಂತ ಗಟ್ಟಿಯಾಗಿ ಅಂದ. ಊಟದ ಹೊತ್ತಿಗೆ ಅವಳ ಹತ್ತಿರ ಬಾಗಿ, ಯಾವ ಬಸ್ಸು ಅಂದ್ರಿ ತಾಯಿ, ನಾನೂ ಪ್ರಾರ್ಥನೆ ಮಾಡ್ತೀನಿ ಅಂತ ಕೇಳಿದ. ಅವಳು ಮತ್ತೆ ಹೇಳಿದಳು. ಎಂಥ ಒಳ್ಳೆಯವನು ಎಂದು ನಾನು ಅವನಿಗೆ ಇನ್ನೊಂದು ಸಲ ಬಡಿಸಿದೆ.

ಮಂಗಳವಾರ ಕಾವಲುಮನೆಯಿಂದ ಬಟ್ಟೆಯ ಗಂಟು ಬಂತು. ಈಗ ಅವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವವಳು ನಾನೇ, ಒಲ್ಲೆನೆನ್ನುವ ಹಾಗಿಲ್ಲ. ಗಂಟು ಬಿಚ್ಚಿದೆ. ಸಮವಸ್ತ್ರಗಳ ನಡುವೆ ಒಂದು ಬೂದುಬಣ್ಣದ ಅಂಗಿ ಮಡಿಸಿಕೊಂಡು ಕೂತಿತ್ತು. ಕೊಡವಿ ಮೇಜಿನ ಮೇಲೆ ಹರಡಿದೆ. ಎರಡನೆಯ ಗುಂಡಿಗೆ ಕೆಂಪು ದಾರ. ನನ್ನ ಹೊಲಿಗೆ, ನನ್ನದೇ ಗಂಟು. ಅಂಗಿ ಹಿಡಿದುಕೊಂಡು ಹಾಗೇ ಸ್ಟೂಲಿನ ಮೇಲೆ ಕೂತೆ. ಇಸ್ತ್ರಿಪೆಟ್ಟಿಗೆ ಯಾರದೋ ಪ್ಯಾಂಟಿನ ಮೇಲೆ ಉಳಿದು ಮೊಣಕಾಲಿನ ಹತ್ತಿರ ಸುಟ್ಟಿತು, ಅದಕ್ಕೆ ಬೈಸಿಕೊಂಡದ್ದು ಬೇರೆ. ಆಗ ನೆನಪಾಯಿತು, ಭಾನುವಾರ ಹೊರಡುವಾಗ ಅವನು ಬಾಗಿಲಲ್ಲಿ ನಿಂತು, ಅಕ್ಕಾ, ಕೆಮ್ಮು ಹೇಗಿದೆ, ಸೋಮವಾರ ಸ್ವಲ್ಪ ಜಾಸ್ತಿ ಅಲ್ವಾ, ಎಂದಿದ್ದ. ಹೌದಪ್ಪಾ ಥಂಡಿ ಗಾಳಿ, ಎಂದು ನಾನು ಹಲ್ಲು ಕಿರಿದಿದ್ದೆ.

ಉಟ್ಟ ಬಟ್ಟೆಯಲ್ಲೇ ದೊಡ್ಡಪ್ಪನ ಹತ್ತಿರ ಓಡಿದೆ. ನಿನಗೆ ಕೆಲಸ ಕಲಿಸಿದ ಆ ಮುದುಕ ಹಲಗೆ ಹೆರೆಯುತ್ತಿದ್ದರು. ಹಾವಿಗೆ ಹಾಲೆರೆದಿದ್ದೇವೆ, ಭಾನುವಾರ ಅವನು ಹೊಸ್ತಿಲು ದಾಟಬಾರದು, ಎಂದು ಕೂಗಾಡಿದೆ. ಅವರು ಹತ್ತರಿ ಕೆಳಗಿಟ್ಟು, ನನಗೆ ಮೊದಲ ವಾರವೇ ಅನುಮಾನ ಬಂದಿತ್ತಮ್ಮಾ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿದ್ದೂ ಕೂರಿಸಿದ್ರಾ, ಅವನ ಮುಂದೆ ಹೆಸರು ಹೇಳೋಕೆ ಬಿಟ್ರಾ ಎಂದೆ. ಅದೊಂದು ನನಗೆ ಹೊಳೀಲಿಲ್ಲ, ಪ್ರಾರ್ಥನೇಲೂ ಯಾರಾದ್ರೂ ಕದೀತಾರೆ ಅಂತ ಈ ಮುದಿ ತಲೆಗೆ ಹೊಳೀಲಿಲ್ಲ ಎಂದು ಗಳಗಳನೆ ಅತ್ತರು. ಅವರು ಅತ್ತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ, ದೊಡ್ಡಮ್ಮ ತೀರಿಕೊಂಡಾಗಲೂ. ಆದರೆ ಕುರ್ಚಿಯ ಮಾತಿಗೆ ಮಾತ್ರ ಜಗ್ಗಲಿಲ್ಲ. ಅವನನ್ನ ಎಬ್ಬಿಸಿದ ದಿನ ಅದು ನಮ್ಮ ಕುರ್ಚಿ ಆಗುತ್ತೆ, ಅದು ನಮ್ಮದಲ್ಲ ಎಂದರು. ಚೌಕದಲ್ಲಿ ಬೇರೆ ಒಡೆಯ ಇದ್ದಾನೆ ಅಂತ ಬಾಯಿ ಮುಚ್ಚಿ ನಿಂತು, ಇಲ್ಲಿ ಒಡೆಯನ ಮಾತು ಮೀರಿದ್ರೆ ನಾವು ಯಾವ ನಾಡಿನವರಮ್ಮಾ ಎಂದು ಕೇಳಿದರು. ಸೆರಗು ಕೊಡವಿ ಹೊರಟುಬಂದೆ. ಕೋಪವಂತೂ ಬೇಕಾದಷ್ಟಿತ್ತು, ಇನ್ನೂ ಇದೆ.

ಅಂಚೆಯಲ್ಲಿ ಹಾಕಿದ್ದೆಲ್ಲ ಒಡೆದು ಓದುತ್ತಾರೆ. ಅದಕ್ಕೇ ಹಾಲಿನ ಲಾರಿಯವನಿಗಾಗಿ ಮೂರು ದಿನ ಕಾದೆ. ಇವತ್ತು ಸಂಜೆ ಹೊರಟು ನಾಳೆ ಬೆಳಗಾಗುವುದರೊಳಗೆ ಅವನು ನಿನ್ನ ಕೈಗೆ ಇದನ್ನು ಮುಟ್ಟಿಸುತ್ತಾನೆ. ನಿನ್ನ ಹೆಂಡತಿಗೆ ಇನ್ನೂ ಏನೂ ಹೇಳಿಲ್ಲ. ಒಳಗೆ ಕೂತು ಮಗುವಿಗೆ ಬಿಳಿ ಲಂಗ ಹೊಲಿಯುತ್ತಿದ್ದಾಳೆ, ಗುನುಗುತ್ತಿದ್ದಾಳೆ. ತನ್ನ ಬಾಯಿಂದಲೇ ಗಂಡನನ್ನು ಹಿಡಿದುಕೊಟ್ಟಂತಾಯಿತೆಂದು ತಿಳಿದರೆ ಅವಳು ಉಳಿಯುತ್ತಾಳೆಯೇ? ನೀನೂ ಮಗಳನ್ನು ನೋಡಬೇಕೆಂದು ದಿನ ಎಣಿಸುತ್ತಿದ್ದೀಯ. ಬರಬೇಡ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ಮೂರು ದಿನದಿಂದ ತಲೆ ಚಿಟ್ಟು ಹಿಡಿಸಿಕೊಂಡು ಒಂದು ದಾರಿ ಹುಡುಕಿದ್ದೇನೆ. ಸೇತುವೆಯವರೆಗೆ ಬರಲೇಬೇಡ. ಹಿಂದಿನ ನಿಲ್ದಾಣದಲ್ಲಿ ಇಳಿದು ಹಳೆಯ ಗಿರಣಿಯ ಪಕ್ಕದ ಕಾಲುದಾರಿ ಹಿಡಿ. ನೀನು ಚಿಕ್ಕವನಿದ್ದಾಗ ಶಾಲೆ ತಪ್ಪಿಸಿ ಓಡಿಬರುತ್ತಿದ್ದೆಯಲ್ಲ, ಅದೇ ದಾರಿ. ಅದು ನಿನಗೂ ನನಗೂ ಬಿಟ್ಟು ಮೂರನೆಯವರಿಗೆ ತಿಳಿಯದು. ಹಿತ್ತಲ ಬಾಗಿಲು ತೆರೆದಿಡುತ್ತೇನೆ. ಭಾನುವಾರ ಬೆಳಿಗ್ಗೆ ಬೇಗ ದೊಡ್ಡಪ್ಪ ಮಗುವಿಗೆ ದೀಕ್ಷಾಸ್ನಾನ ಕೊಟ್ಟುಬಿಡಲಿ, ನಗುಮುಖ ಬರುವುದರೊಳಗೆ ನೀನು ಹೊರಟುಬಿಡು.

ಅಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದೆನೆಂದು ತಿಳಿದುಕೋ. ಕೇಡೆಲ್ಲ ನಿನ್ನಿಂದ ದೂರವಿರಲಿ, ಕರ್ತನ ಕೈ ನಿನ್ನ ಬೆನ್ನ ಹಿಂದಿರಲಿ. ಬೇಕರಿಯವಳು ನಮಸ್ಕಾರ ತಿಳಿಸಿದ್ದಾಳೆ. ಮಗಳು ಕಚ್ಚಿ ತಿಳಿಸಿದ್ದಾಳೆ, ಈ ಕಾಗದದ ಮೂಲೆ ಒದ್ದೆಯಾಗಿರುವುದು ಅದಕ್ಕೇ.

ಇಂತಿ ನಿನ್ನ ಗೊಣಗುವ
ಅಕ್ಕ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಲಾರಿ ಹೊರಗೆ ನಿಂತಿದೆ. ಮೇಲೆ ಬರೆದ ದಾರಿಯ ಮಾತನ್ನು ಮರೆತುಬಿಡು. ಈಗತಾನೇ ನಗುಮುಖ ಅಂಗಡಿಗೆ ಬಂದಿದ್ದ, ಕಾವಲುಮನೆಯ ಸಮವಸ್ತ್ರದಲ್ಲೇ. ಮುಚ್ಚುಮರೆ ಏನೂ ಇಲ್ಲ. ನಗುತ್ತಿರಲಿಲ್ಲ. ಆ ಬೂದು ಅಂಗಿ ತೆಗೆದುಕೊಂಡ, ಕೆಂಪು ದಾರದ ಮೇಲೆ ಬೆರಳಾಡಿಸಿದ. ಆಮೇಲೆ ಮೆಲ್ಲಗೆ, ಅಕ್ಕಾ, ಸೇತುವೆ ಹತ್ರ ಇಳಿಬೇಡ ಅಂತ ನಿಮ್ಮ ತಮ್ಮನಿಗೆ ಹೇಳಿ, ಗಿರಣಿ ದಾರೀಲಿ ಬರ್ಲಿ ಅಂದ. ಗಿರಣಿ ದಾರಿ! ಅವನಿಗೆ ಯಾರು ಹೇಳಿದರು? ಉಳಿಸಲು ಬಂದನೋ ಬಲೆಗೆ ದಾರಿ ತೋರಿಸಲು ಬಂದನೋ, ಮುಖ ನೋಡಿ ನೋಡಿ ನನಗೆ ತಿಳಿಯಲಿಲ್ಲ. ಹೋಗುವಾಗ, ಭಾನುವಾರ ನನ್ನ ಹೆಸರೂ ಹೇಳ್ತೀರಾ ಎಂದು ಕೇಳಿದ, ಹೆಸರನ್ನೂ ಹೇಳಿದ. ಈ ಕಾಗದ ಮೇಜಿನ ಮೇಲೇ ಇತ್ತು. ಕಂಡ. ಅಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ಸೇತುವೆಯೂ ಬೇಡ, ಗಿರಣಿಯೂ ಬೇಡ. ನೀನು ಬರಬೇಡ ಕಂದಾ. ದೀಕ್ಷಾಸ್ನಾನದ ನೀರಿನ ಹತ್ತಿರ ಮಗುವನ್ನು ನಾನು ಎತ್ತಿಕೊಳ್ಳುತ್ತೇನೆ. ಉಳಿದದ್ದನ್ನು ಲಾರಿಯವನು ಬಾಯಲ್ಲಿ ಹೇಳುತ್ತಾನೆ, ಅವನಿಗೆ ಭಾನುವಾರ ರಾತ್ರಿಯೂ ಬಂದರಿಗೆ ಒಂದು ಸುತ್ತು ಇದೆಯಂತೆ. ನೀನು ಇವತ್ತೇ ಒಳ್ಳೆಯ ಮರ ಹುಡುಕಿ ಒಂದು ತೊಟ್ಟಿಲು ಮಾಡಲು ಶುರುಮಾಡು. ಇನ್ನೊಬ್ಬರಿಗೂ ಹಾಸಿಗೆ ಹಾಸಿಡು. ನನಗೆ ಬೇಡ, ನಾನು ಇಲ್ಲೇ ಇರುತ್ತೇನೆ. ಭಾನುವಾರ ಅವನು ಬಂದರೆ ಮೊದಲ ತಟ್ಟೆ ಅವನಿಗೇ ಇಡುತ್ತೇನೆ, ಅವನ ಹೆಸರನ್ನೂ ಗಟ್ಟಿಯಾಗಿ ಹೇಳುತ್ತೇನೆ. ತಾಯಿ ಮಗಳಿಬ್ಬರೂ ಲಾರಿಯಲ್ಲಿ ಬಂದು ನಿನ್ನನ್ನು ಮುಟ್ಟುವ ಹೊತ್ತಿಗೆ ಇಲ್ಲಿ ಸೋಮವಾರದ ಬೆಳಗಾಗಿರುತ್ತದೆ. ನನ್ನ ಕೆಮ್ಮಿನ ಚಿಂತೆ ಬಿಡು. ಅದು ವಾಸಿಯಾಯಿತು. ಈ ಸಲ ಚೌಕದಲ್ಲಿ ನಾನು ಕೆಮ್ಮುವುದಿಲ್ಲ, ನಿನ್ನ ಹಾಗೆ ಸುಮ್ಮನೆ ನಿಲ್ಲುತ್ತೇನೆ.