ಒಳಗಿನಿಂದ ಚಿಲಕ ಹಾಕಿಕೊಂಡವಳ ಪರವಾಗಿ

ಪ್ರವಾಸೋದ್ಯಮ ನಿರ್ದೇಶಕರ ಕುರ್ಚಿಯಲ್ಲಿರುವ ಮಾನ್ಯರೇ,

ನಿಮ್ಮ ಇಲಾಖೆ ನನ್ನ ಹೆಂಡತಿಯ ಕೆಲಸದ ಪರವಾನಗಿಯನ್ನು ಕಿತ್ತುಕೊಂಡಿದೆ. ಅದಿಲ್ಲದೆ ಆಕೆ ಈ ಊರಿನ ಯಾವ ಅತಿಥಿಗೃಹದಲ್ಲೂ ಪೊರಕೆ ಹಿಡಿಯುವಂತಿಲ್ಲ. ಅತಿಥಿಗೃಹ ಬಿಟ್ಟರೆ ಈಗ ಇಲ್ಲಿ ಬೇರೆ ಕೆಲಸವೂ ಉಳಿದಿಲ್ಲ. ಆದೇಶದಲ್ಲಿ ಕಾರಣ ಹೀಗಿದೆ: "ಹೊರಗಿನ ವ್ಯಕ್ತಿಯಾಗಿದ್ದೂ ಅತಿಥಿಗಳ ವಸತಿಯೊಳಗೆ ಚಿಲಕ ಹಾಕಿಕೊಂಡು ಮಲಗಿ, ಹಣ ತೆತ್ತು ಬಂದವರಿಗೆ ಪ್ರವೇಶ ನಿರಾಕರಿಸಿರುತ್ತಾರೆ." ಒಂದು ಮಾತು ಬಿಟ್ಟರೆ ಮಿಕ್ಕಿದ್ದೆಲ್ಲ ನಿಜ.

ನಾನು ದರ್ಜಿ. ಕೆಳಗೆ ನನ್ನ ಅಂಗಡಿ, ಮೇಲೆ ಆ ವಸತಿ. ನೀವು ಅದಕ್ಕೆ ವಸತಿ ಎಂಬ ಹೆಸರು ಕೊಡುವ ಮೊದಲು ಅದು ನಾವು ಬಾಡಿಗೆಗಿದ್ದ ಮನೆ. ಮದುವೆಯಾದ ಹೊಸತರಲ್ಲಿ ಹೊಕ್ಕವರು, ಮಗಳ ಮದುವೆ ಮಾಡಿದ ಮೇಲೂ ಅಲ್ಲೇ ಇದ್ದೆವು. ಮಗಳು ಎದ್ದು ನಿಂತು ಹೆಜ್ಜೆ ಇಟ್ಟದ್ದು ಆ ಕಿಟಕಿಯ ಸರಳು ಹಿಡಿದು. ಮನೆಗಳನ್ನು ವಿದೇಶಿ ಅತಿಥಿಗಳಿಗೆ ಒಪ್ಪಿಸುವ ಮಾಲೀಕರಿಗೆ ನಿಮ್ಮ ಇಲಾಖೆ ಸಹಾಯಧನ ಘೋಷಿಸಿದ ವರ್ಷ, ನಮ್ಮ ಮಾಲೀಕರು ಮುಖ ತಗ್ಗಿಸಿಕೊಂಡು ಬಂದು, "ನನ್ನ ಕೈಲೇನೂ ಇಲ್ಲಪ್ಪ" ಅಂದರು. ನಾವು ಊರಾಚೆಯ ತಗಡಿನ ಸೂರಿಗೆ ಹೋದೆವು. ಅಂಗಡಿ ಮಾತ್ರ ಉಳಿಯಿತು; ಹಳೆಯ ಹೊಲಿಗೆ ಯಂತ್ರದ ಮುಂದೆ ಕೂತವನು ಫೋಟೋದಲ್ಲಿ ಚೆನ್ನಾಗಿ ಕಾಣುತ್ತಾನಂತೆ. ನಿಮ್ಮ ಪ್ರಚಾರ ಪುಸ್ತಿಕೆಯಲ್ಲಿ ನಾನಿದ್ದೇನೆ, ನೋಡಿರಬಹುದು.

ಮೇಲಿನ ಮನೆ ಗುಡಿಸಲು, ಆ ವಸತಿ ನಡೆಸುವ ಕಂಪನಿಯವರು ಜನ ಹುಡುಕುತ್ತಿದ್ದಾಗ ನನ್ನವಳು ತಾನೇ ಹೋಗಿ ಕೇಳಿದಳು. "ಆ ಮನೆ ಮೂಲೆಮೂಲೆ ನಂಗೊತ್ತು. ಬೇರೆಯವರು ಯಾಕೆ ಗುಡಿಸ್ಬೇಕು, ಹೇಳಿ?" ಅಂದಳು. ನಾನು ಬೇಡ ಅನ್ನಲಿಲ್ಲ. ಅಂಗಡಿಯ ಸ್ಥಿತಿ ಹಾಗಿತ್ತು. ಬೀದಿಯಲ್ಲಿ ಸಂಸಾರಗಳೇ ಇಲ್ಲವೆಂದ ಮೇಲೆ ಶಾಲೆಯ ಸಮವಸ್ತ್ರ ಯಾರಿಗೆ ಹೊಲಿಯಲಿ?

ಇನ್ನು ಆ ಮಧ್ಯಾಹ್ನದ ಮಾತು. ಆ ಮನೆಯಲ್ಲಿದ್ದಷ್ಟು ಕಾಲವೂ ಆಕೆಗೊಂದು ರೂಢಿಯಿತ್ತು. ಊಟದ ಪಾತ್ರೆ ತೊಳೆದು, ನೆಲ ಒರೆಸಿ, ಬಾಗಿಲಿಗೆ ಚಿಲಕ ಹಾಕಿ, ಒರೆಸಿದ ನೆಲ ಆರುವವರೆಗೆ ನಡುಕೋಣೆಯಲ್ಲಿ ಸೆರಗು ಹಾಸಿಕೊಂಡು ಅಡ್ಡಾಗುವುದು. ಅಂದು ಎರಡು ಬಸ್ಸು ಬದಲಿಸಿ ಬಂದು, ಹಾಸಿಗೆ ಹೊದಿಕೆಗಳನ್ನೆಲ್ಲ ಬದಲಿಸಿ, ನೆಲ ಒರೆಸಿದಳು. ಮುಂದಿನದನ್ನು ಮೈ ತಾನಾಗಿಯೇ ಮಾಡಿತು. ಅತಿಥಿಗಳು ಬಂದು ಗಂಟೆ ಒತ್ತಿದಾಗ ನಿದ್ದೆಗಣ್ಣಲ್ಲಿ ಬಾಗಿಲು ತೆರೆದು, "ಯಾರು ಬೇಕಿತ್ತು? ಅವರು ಕೆಳಗೆ ಅಂಗಡೀಲಿದಾರೆ, ಅಲ್ಲೇ ಹೋಗಿ" ಎಂದು ಕೆಳಕ್ಕೆ ಬೆರಳು ತೋರಿಸಿ, ಮತ್ತೆ ಬಾಗಿಲು ಹಾಕಿಕೊಂಡಳು. ಆ ದಂಪತಿಗೆ ಮಾತು ತಿಳಿಯದಿದ್ದರೂ ಬೆರಳು ತಿಳಿಯಿತು. ಪೆಟ್ಟಿಗೆಗಳನ್ನು ಎಳೆದುಕೊಂಡು ನನ್ನ ಅಂಗಡಿಗೇ ಬಂದರು. ಮೇಲೆ ಹೋಗಿ ನಾನು ಬಾಗಿಲು ತಟ್ಟಿದೆ. ನನ್ನ ಹಿಂದಿದ್ದ ಪೆಟ್ಟಿಗೆಗಳನ್ನು ಕಂಡ ಮೇಲೆಯೇ ಆಕೆಗೆ ಪೂರ್ತಿ ಎಚ್ಚರವಾದದ್ದು. "ಅಯ್ಯೋ, ನಮ್ಮನೆ ಅಂದ್ಕೊಂಡ್ಬಿಟ್ಟೆ ಕಣ್ರೀ" ಅಂದಳು. ಆ ವಿದೇಶಿ ಹೆಂಗಸು ನಕ್ಕು ಆಕೆಯ ಭುಜ ಸವರಿದಳು. ದೂರು ಕೊಟ್ಟವರು ಅವರಲ್ಲ, ಬಾಗಿಲ ಮೇಲಿನ ಕ್ಯಾಮೆರಾ ನೋಡಿದ ಕಂಪನಿಯವರು.

ಅತಿಥಿಗಳ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು ನೀವು ಈ ಊರಲ್ಲಿ ಮಾಡಿದ ಭಾಷಣದ ಮೇಲೆ. ಅತಿಥಿಗಳಿಂದ ದೇಶಕ್ಕೆ ವಿದೇಶಿ ವಿನಿಮಯ ಹರಿದು ಬರುತ್ತಿದೆ, ತಲಾ ಆದಾಯ ಏರಿದೆ ಎಂದಿರಿ. ಹರಿದು ಬಂದದ್ದು ಎಲ್ಲಿ ನಿಂತಿತು, ಸ್ವಾಮಿ? ಅವರು ವಿಮಾನ ಹತ್ತುವ ಮೊದಲೇ ದುಡ್ಡು ಅವರದೇ ದೇಶದ ಕಂಪನಿಗೆ ಸಂದಾಯವಾಗಿರುತ್ತದೆ. ಸ್ನಾನದ ಸೋಪು, ಹಾಸಿಗೆಯ ಹೊದಿಕೆಗಳು ಕೂಡ ಹಡಗಿನಲ್ಲಿ ಬರುತ್ತವೆ. ಕೆಳಗೇ ಇರುವ ದರ್ಜಿಗೆ ಒಂದು ದಿಂಬಿನ ಚೀಲ ಹೊಲಿಯಲೂ ಹೇಳಿದವರಿಲ್ಲ. ಉಳಿದದ್ದು ಬೀದಿಗೆ ಬೀದಿಯನ್ನೇ ಕೊಂಡ ನಾಲ್ಕಾರು ಮಂದಿಗೆ. ನಮ್ಮ ಪಾಲಿಗೆ ಬಂದದ್ದು ನೆಲ ಒರೆಸುವ ಕೂಲಿ, ಜೊತೆಗೆ ಅತಿಥಿಗಳ ಜೇಬಿಗೆ ಹೊಂದುವ ತರಕಾರಿ ಬೆಲೆ. ಊರಿನವರ ಅಳತೆಯನ್ನೆಲ್ಲ ಕೂಡಿಸಿ, ಭಾಗಿಸಿ ನಾನು ಒಂದೇ ಅಳತೆಯ ಅಂಗಿ ಹೊಲಿದುಕೊಟ್ಟರೆ ಜನ ಅಂಗಡಿಗೆ ಬೀಗ ಹಾಕಿಸುತ್ತಾರೆ. ನೀವು ಅದನ್ನೇ ಮಾಡಿ ಹಾರ ಹಾಕಿಸಿಕೊಳ್ಳುತ್ತೀರಿ.

ವಿಚಾರಣೆಗೆ ಬಂದ ನಿಮ್ಮ ಅಧಿಕಾರಿ ಆಕೆಯನ್ನು ಗದರಿಸಿ ಕೇಳಿದರು: "ಚಿಲಕ ಹಾಕ್ಕೊಂಡು ಮಲಗೋಕೆ ಇದೇನು ನಿಮ್ಮನೇನಾ?"

"ಅಲ್ಲ ಸಾರ್. ಮರೆತಿದ್ದೆ" ಅಂದಳು ಆಕೆ.

ಆ ಉತ್ತರವನ್ನು ಅವರು ತಪ್ಪೊಪ್ಪಿಗೆ ಎಂದು ದಾಖಲಿಸಿದ್ದಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ಮನೆ ವಾಪಸ್ಸು ಕೊಡಿ ಎನ್ನುತ್ತಿಲ್ಲ, ಕೊಡುವವರು ನೀವಲ್ಲವೆಂದು ಗೊತ್ತು. ಆಕೆಯ ಪರವಾನಗಿ ಹಿಂದಿರುಗಿಸಿ. ಅದಕ್ಕೂ ಮೊದಲು ಆದೇಶದಲ್ಲಿರುವ "ಹೊರಗಿನ ವ್ಯಕ್ತಿ" ಎಂಬ ಮಾತನ್ನು ನಿಮ್ಮ ಕೈಯಾರೆ ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ. ಆ ಆದೇಶ ಬಂದಂದಿನಿಂದ ಆಕೆ ಮಧ್ಯಾಹ್ನ ಮಲಗುತ್ತಿಲ್ಲ. ನಮ್ಮ ತಗಡಿನ ಸೂರಿನ ಬಾಗಿಲನ್ನೂ ಪೂರ್ತಿ ತೆರೆದಿಟ್ಟುಕೊಂಡು, ಹೊಸಿಲ ಪಕ್ಕ ಕೂತಿರುತ್ತಾಳೆ. ಚಿಲಕ ಹಾಕಿಕೋ ಎಂದರೆ, "ಯಾರಾದ್ರೂ ಬಂದ್ರೆ?" ಎಂದು ನನ್ನನ್ನೇ ಕೇಳುತ್ತಾಳೆ.

ಇಂತಿ,
ನಿಮ್ಮ ತಲಾ ಆದಾಯದ ಲೆಕ್ಕಕ್ಕೆ ಬಂದ ಎರಡು ತಲೆಗಳಲ್ಲಿ ಒಂದು,
ಪುಸ್ತಿಕೆಯ ಫೋಟೋದಲ್ಲಿ ನಗುತ್ತಿರುವ ದರ್ಜಿ